ಗ್ರಾಮನಾಮವೂ ಸರ್ಕಾರದ ಲೇಖನಿಯೂ: ಸ್ವೇತಿ ಯೂರಿ ಎಂಬ ಸ್ಲೊವೇನ್ ಹಳ್ಳಿಯ ಪ್ರಸಂಗ

ಊರಿನ ಹೆಸರನ್ನು ಬದಲಾಯಿಸುವ ಅಧಿಕಾರ ಸರ್ಕಾರಗಳಿಗೆ ಎಲ್ಲ ಕಾಲದಲ್ಲೂ ಇದ್ದೇ ಇದೆ. ಬದಲಾಯಿಸುವ ಮುನ್ನ ಆ ಹೆಸರನ್ನು ಓದಿ ಅರ್ಥಮಾಡಿಕೊಳ್ಳುವ ವ್ಯವಧಾನ ಮಾತ್ರ ಅಪರೂಪವಾಗಿ ಕಾಣುತ್ತದೆ. ಶಾಸನವನ್ನು ಒಡೆದರೆ ಅದು ಅಪರಾಧವೆಂದು ಎಲ್ಲರೂ ಒಪ್ಪುತ್ತಾರೆ. ಹಸ್ತಪ್ರತಿಯನ್ನು ಸುಟ್ಟರೆ ವಿದ್ವಲ್ಲೋಕ ಮರುಗುತ್ತದೆ. ಒಂದು ಗ್ರಾಮನಾಮವನ್ನು ಕಾಗದದ ಮೇಲೆ ಅಳಿಸಿದಾಗ ಮಾತ್ರ ಅದು ಆಡಳಿತದ ಸಣ್ಣ ಕೆಲಸವೆಂದು ತೋರುತ್ತದೆ. ವಸ್ತುತಃ ಗ್ರಾಮನಾಮವೂ ಒಂದು ದಾಖಲೆಯೇ. ಶಾಸನಕ್ಕೆ ಒಬ್ಬ ಬರೆಸಿದವನಿರುತ್ತಾನೆ, ಒಂದು ತಿಥಿಯಿರುತ್ತದೆ. ಊರಹೆಸರಿಗೆ ಕರ್ತೃವಿಲ್ಲ, ತಿಥಿಯಿಲ್ಲ, ಅನೇಕ ತಲೆಮಾರುಗಳ ನಾಲಗೆಯೇ ಅದರ ಲಿಪಿಕಾರ. ಆದ್ದರಿಂದ ಅದನ್ನು ಓದುವುದು ಕಷ್ಟ, ಕಳೆದುಕೊಳ್ಳುವುದು ಸುಲಭ. ಈ ಮಾತನ್ನು ಸ್ಲೊವೇನಿಯ ದೇಶದ ಈಶಾನ್ಯ ಭಾಗದ ಒಂದು ಚಿಕ್ಕ ಕೃಷಿಗ್ರಾಮದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಗ್ರಾಮದ ಹೆಸರು ಸ್ವೇತಿ ಯೂರಿ ಓಬ್ ಶ್ಚಾವ್ನಿತ್ಸಿ. ಆಸ್ಟ್ರಿಯದ ಗಡಿಗೆ ಸಮೀಪದ ಶ್ಟಾಯೆರ್ಸ್ಕಾ ಪ್ರಾಂತದಲ್ಲಿ, ‘ಸ್ಲೊವೆನ್ಸ್ಕೆ ಗೊರಿತ್ಸೆ’ ಎಂದು ಕರೆಯಲಾಗುವ ತಗ್ಗಾದ ಗುಡ್ಡಗಳ ಸೀಮೆಯಲ್ಲಿ, ಶ್ಚಾವ್ನಿತ್ಸಾ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ ಅದು ನೆಲೆಸಿದೆ. ದ್ರಾಕ್ಷಿತೋಟ, ಹೊಲ, ಹುಲ್ಲುಗಾವಲುಗಳ ನಾಡು ಅದು. ಆ ಹೊಳೆ ಮುಂದೆ ಮೂರಾ ನದಿಯನ್ನು ಸೇರುತ್ತದೆ. ಹೆಸರಿನ ಪದಶಃ ಅರ್ಥ ‘ಶ್ಚಾವ್ನಿತ್ಸಾ ದಡದ ಸಂತ ಯೂರಿ’. ಯೂರಿ ಎಂದರೆ ಇಂಗ್ಲಿಷಿನಲ್ಲಿ ಜಾರ್ಜ್ ಎಂದು ಪ್ರಸಿದ್ಧನಾದ ಸಂತ. ಊರಿನ ಮುಖ್ಯ ಇಗರ್ಜಿ ಅವನಿಗೆ ಅರ್ಪಿತವಾಗಿದೆ. ಆಸ್ಟ್ರಿಯದ ಹಾಬ್ಸ್‌ಬುರ್ಗ್ ಅರಸರ ಆಳ್ವಿಕೆಯಲ್ಲಿ ಇದೇ ಊರಿಗೆ ಜರ್ಮನ್ ಭಾಷೆಯಲ್ಲಿ ‘ಸಾಂಕ್ಟ್ ಗೆಯೋರ್ಗೆನ್ ಆನ್ ಡೆರ್ ಶ್ಟೈನ್ಸ್’ ಎಂಬ ಹೆಸರಿತ್ತು. ಭಾಷೆ ಬೇರೆಯಾದರೂ ಸಂತನೂ ಹೊಳೆಯೂ ಎರಡು ಹೆಸರುಗಳಲ್ಲೂ ಹಾಗೆಯೇ ಉಳಿದಿದ್ದರು. ಇಬ್ಬರು ನೆರೆಹೊರೆಯವರು ಒಂದೇ ಊರನ್ನು ತಮ್ಮ ತಮ್ಮ ನುಡಿಯಲ್ಲಿ ಕರೆಯುವ ಸಹಜ ರೀತಿ ಇದು.

1952ರಲ್ಲಿ ಈ ಊರಿನ ಹೆಸರನ್ನು ‘ವೀದೆಮ್ ಓಬ್ ಶ್ಚಾವ್ನಿತ್ಸಿ’ ಎಂದು ಬದಲಾಯಿಸಲಾಯಿತು. ಆಗ ಸ್ಲೊವೇನಿಯವು ಯುಗೊಸ್ಲಾವಿಯದ ಒಂದು ಗಣರಾಜ್ಯ. ಅಧಿಕಾರದಲ್ಲಿದ್ದದ್ದು ಕಮ್ಯುನಿಸ್ಟ್ ಪಕ್ಷ. ಜನವಸತಿಗಳ ಹೆಸರುಗಳನ್ನೂ ಚೌಕ, ಬೀದಿ, ಕಟ್ಟಡಗಳ ಗುರುತುಗಳನ್ನೂ ಕುರಿತು 1948ರಲ್ಲಿ ಅಲ್ಲಿ ಒಂದು ಕಾನೂನನ್ನು ಮಾಡಲಾಗಿತ್ತು. ಅದರ ಆಧಾರದಲ್ಲಿ ದೇಶದುದ್ದಕ್ಕೂ ಸಂತರ, ಶಿಲುಬೆಯ, ತ್ರಿತ್ವದ ಹೆಸರುಳ್ಳ ಊರುಗಳಿಗೆ ಹೊಸ ನಾಮಕರಣ ನಡೆಯಿತು. ಪವಿತ್ರ ತ್ರಿತ್ವದ ಹೆಸರಿನ ಸ್ವೇತಾ ತ್ರೋಯಿತ್ಸಾ ಎಂಬ ಊರು ಗ್ರಾದಿಶ್ಚೆ ಆಯಿತು. ಸ್ವೇತಿ ಲೇನಾರ್ತ್ ಎಂಬ ಊರಿನಿಂದ ‘ಸ್ವೇತಿ’ ಎಂಬ ವಿಶೇಷಣವನ್ನು ಕತ್ತರಿಸಿ ಬರಿಯ ಲೇನಾರ್ತನನ್ನು ಉಳಿಸಲಾಯಿತು. ವಿಪಾವಾ ಕಣಿವೆಯ ಶೆಂತ್‌ವಿದ್ ಎಂಬ ಊರು, ಹಿಂದಿರುವ ನಾನೋಸ್ ಪರ್ವತದ ಬುಡದಲ್ಲಿರುವ ಕಾರಣ, ಪೋದ್‌ನಾನೋಸ್ ಎನಿಸಿತು. ಸೋಚಾ ನದಿಯ ದಡದ ಸ್ವೇತಾ ಲೂತ್ಸಿಯ ಎಂಬ ಊರು 1955ರಲ್ಲಿ ಮೋಸ್ತ್ ನಾ ಸೋಚಿ, ಎಂದರೆ ‘ಸೋಚಾ ನದಿಯ ಸೇತುವೆ’, ಎಂಬ ಹೆಸರನ್ನು ಪಡೆಯಿತು. ಸಾರ್ವಜನಿಕ ಜೀವನದಿಂದ ಧರ್ಮದ ಗುರುತುಗಳನ್ನು ತೆಗೆಯಬೇಕೆಂಬುದು ಈ ಎಲ್ಲ ಬದಲಾವಣೆಗಳ ಹಿಂದಿನ ಉದ್ದೇಶವಾಗಿತ್ತು.

ಈಗ ವೀದೆಮ್ ಎಂಬ ಪದದ ಕಡೆಗೆ ಬರೋಣ. ಇದು ಸ್ಲೊವೇನಿಯದಲ್ಲಿ ಹಲವೆಡೆ ಕಾಣುವ ಗ್ರಾಮನಾಮ. ದೋಲ್ ಪ್ರಿ ಲ್ಯೂಬ್ಲ್ಯಾನಿ, ಪ್ತುಯ್, ದೋಬ್ರೆಪೋಲ್ಯೆ ಮುಂತಾದ ಪ್ರದೇಶಗಳಲ್ಲೆಲ್ಲ ಒಂದೊಂದು ವೀದೆಮ್ ಇದೆ. ಈ ಹೆಸರನ್ನು ಮೊದಲ ಬಾರಿಗೆ ಕೇಳುವ ನಮ್ಮ ವಿದ್ಯಾರ್ಥಿಗೆ ಸಂಸ್ಕೃತದ ‘ವಿದ್’ ಧಾತು ನೆನಪಾಗುವುದು ಸಹಜ. ಸ್ಲೊವೇನ್ ಭಾಷೆಯಲ್ಲಿ ‘ನೋಡು’ ಎಂಬರ್ಥದ ‘ವಿದೆತಿ’ ಎಂಬ ಕ್ರಿಯಾಪದವಿದೆ. ಅದು ‘ವಿದ್’ ಧಾತುವಿಗೆ ನಿಜವಾಗಿಯೂ ಬಂಧು. ಆದರೆ ವೀದೆಮ್ ಎಂಬ ಊರಹೆಸರಿಗೂ ಆ ಬಂಧುತ್ವಕ್ಕೂ ಏನೇನೂ ಸಂಬಂಧವಿಲ್ಲ. ಸಂತ ವೀತುಸನ ಸ್ಲೊವೇನ್ ರೂಪವಾದ ‘ವಿದ್’ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಇಟಲಿಯ ಉದಿನೆ ನಗರವನ್ನು ಸ್ಲೊವೇನರು ವೀದೆಮ್ ಎಂದೇ ಕರೆಯುತ್ತಾರೆ. ಅದರ ಮೂಲವೂ ಬೇರೆಯೇ. ಹೀಗೆ ಒಂದೇ ಧ್ವನಿರೂಪದ ಸುತ್ತ ನಾಲ್ಕು ಬೇರೆ ಬೇರೆ ಕಥೆಗಳು ನಿಂತಿವೆ. ಕಿವಿಯೊಂದನ್ನೇ ನಂಬಿ ನಿರುಕ್ತಿ ಹೇಳುವವನು ಈ ನಾಲ್ಕನ್ನೂ ಒಂದಾಗಿ ಹೆಣೆದು ಸೊಗಸಾದ ಸುಳ್ಳೊಂದನ್ನು ಕಟ್ಟಬಲ್ಲ.

‘ಸ್ವೇತಿ’ ಎಂಬ ವಿಶೇಷಣವೂ ಇಂಥದೇ ಬಲೆ. ಸಂಸ್ಕೃತದ ‘ಶ್ವೇತ’ ಶಬ್ದದೊಂದಿಗೆ ಅದನ್ನು ಜೋಡಿಸುವ ಆಸೆ ಯಾರಿಗಾದರೂ ಹುಟ್ಟೀತು. ಶ್ವೇತಕ್ಕೆ ಸ್ಲಾವಿಕ್ ಭಾಷೆಗಳಲ್ಲಿ ನೆಂಟರಿರುವುದು ನಿಜ. ಬೆಳಕು ಎಂಬ ಅರ್ಥದ ಶಬ್ದಸಮೂಹವೇ ಅದು. ಪವಿತ್ರ ಎಂಬರ್ಥದ ‘ಸ್ವೇತಿ’ ಮಾತ್ರ ಬೇರೆ ಮೂಲದಿಂದ ಬಂದದ್ದು. ಅದರ ಬಂಧು ಅವೆಸ್ತಾ ಭಾಷೆಯ ‘ಸ್ಪೆಂತ’. ಇಂದಿನ ಸ್ಲೊವೇನಿನಲ್ಲಿ ಎರಡೂ ಹತ್ತಿರದ ರೂಪ ತಳೆದಿವೆ. ಪ್ರಾಚೀನ ರೂಪಗಳನ್ನು ಹಿಂಬಾಲಿಸಿ ಹೋದಾಗ ಮಾತ್ರ ಅವು ಅಗಲುತ್ತವೆ. ಸ್ಥಳನಾಮ ಅಧ್ಯಯನದ ಮೊದಲ ಪಾಠ ಇದು: ಸಾದೃಶ್ಯ ಪ್ರಶ್ನೆಯನ್ನು ಹುಟ್ಟಿಸಬೇಕು, ಉತ್ತರವನ್ನು ಕೊಡಬಾರದು.

ಹಾಗಾದರೆ ವೀದೆಮ್ ಎಂದರೇನು? ಮಧ್ಯಕಾಲೀನ ಜರ್ಮನ್ ಭಾಷೆಯ ‘ವಿದೆಮೆ’ ಎಂಬ ಪದವನ್ನು ಸ್ಲೊವೇನ್ ಎರವಲಾಗಿ ಪಡೆದು ವೀದೆಮ್ ಎಂದು ಮಾಡಿಕೊಂಡಿತು. ಆ ಪದದ ಹಿಂದಿನ ಅರ್ಥ ವರನು ವಧುವಿಗೆ ಕೊಡುವ ಸೊತ್ತು. ಅನಂತರ ಅದು ದತ್ತಿ ಎಂಬ ಅರ್ಥವನ್ನು ತಾಳಿ, ವಿಶೇಷವಾಗಿ ಇಗರ್ಜಿಯ ನಿರ್ವಹಣೆಗಾಗಿ, ಪಾದ್ರಿಯ ಜೀವನೋಪಾಯಕ್ಕಾಗಿ ಬಿಟ್ಟುಕೊಟ್ಟ ಭೂಮಿಯನ್ನು ಸೂಚಿಸತೊಡಗಿತು. ‘ಅರ್ಪಿಸು’ ಎಂಬರ್ಥದ ಇಂದಿನ ಜರ್ಮನ್ ಕ್ರಿಯಾಪದ ‘ವಿಡ್ಮೆನ್’ ಇದೇ ಕುಲಕ್ಕೆ ಸೇರಿದ್ದು. ತಿರೋಲ್ ಸೀಮೆಯಲ್ಲಿ ಪಾದ್ರಿಯ ವಾಸದ ಮನೆಗೆ ಇಂದಿಗೂ ‘ವಿಡುಮ್’ ಎಂಬ ಹೆಸರಿದೆ. ಸ್ಲೊವೇನಿಯದ ವೀದೆಮ್ ಎಂಬ ಊರುಗಳೆಲ್ಲ ಹೀಗೆ ಒಂದು ಕಾಲದ ಇಗರ್ಜಿಯ ಉಂಬಳಿ ಭೂಮಿಯ ನೆನಪನ್ನು ಹೊತ್ತಿವೆ. ನಮ್ಮ ಶಾಸನಗಳ ಪರಿಭಾಷೆಯಲ್ಲಿ ಹೇಳುವುದಾದರೆ ವೀದೆಮ್ ಎಂಬುದು ದೇವಸ್ವ.

ಈಗ 1952ರ ಆಜ್ಞೆಯನ್ನು ಮತ್ತೊಮ್ಮೆ ಓದಬೇಕು. ಧರ್ಮದ ಗುರುತು ಇರಬಾರದೆಂದು ‘ಸಂತ ಯೂರಿ’ಯನ್ನು ತೆಗೆದು, ಆ ಸ್ಥಾನದಲ್ಲಿ ‘ಇಗರ್ಜಿಯ ದತ್ತಿಭೂಮಿ’ಯನ್ನು ಕೂರಿಸಲಾಯಿತು. ಸಂತನು ಹೋದನು, ಸಂತನ ಆಸ್ತಿ ಉಳಿಯಿತು. ಭೂಮಿಯ ಮೇಲೆ ಇಗರ್ಜಿಗಿದ್ದ ಒಡೆತನವನ್ನು ಮುರಿಯುವುದು ತನ್ನ ಕರ್ತವ್ಯವೆಂದು ನಂಬಿದ್ದ ಪ್ರಭುತ್ವವೊಂದು ಆ ಒಡೆತನವನ್ನೇ ಊರಿನ ಹೆಸರಾಗಿ ಅಧಿಕೃತಗೊಳಿಸಿದ್ದನ್ನು ಓದಿದಾಗ ನಗು ಬರುತ್ತದೆ. ಆ ನಗುವಿನ ಹಿಂದೆ ಗಂಭೀರವಾದ ಪಾಠವೂ ಇದೆ. ಆಜ್ಞೆ ಹೊರಡಿಸಿದವರಿಗೆ ‘ಸ್ವೇತಿ’ ಎಂಬುದು ಮಾತ್ರ ಧಾರ್ಮಿಕವಾಗಿ ಕೇಳಿಸಿತು, ಏಕೆಂದರೆ ಅದರ ಅರ್ಥ ಇನ್ನೂ ಬಾಯಲ್ಲಿ ಜೀವಂತವಾಗಿತ್ತು. ವೀದೆಮ್‌ನ ಅರ್ಥ ಜನರ ಮರೆವಿನಲ್ಲಿ ಹುಗಿದುಹೋಗಿದ್ದರಿಂದ ಅದು ನಿರಪಾಯವೆನಿಸಿತು. ಎಂದರೆ ಕಾನೂನು ದಂಡಿಸಿದ್ದು ಹೆಸರಿನ ಚರಿತ್ರೆಯನ್ನಲ್ಲ, ಅದರ ಪಾರದರ್ಶಕತೆಯನ್ನು.

ಇದಕ್ಕೆ ಮತ್ತೊಂದು ಸಾಕ್ಷ್ಯ ಸ್ಲೊವೇನಿಯದಲ್ಲೇ ಇದೆ. ಲ್ಯಾಟಿನ್ನಿನ ‘ಸಾಂಕ್ಟುಸ್’ ಪದ ಬಹು ಹಿಂದೆ ಸ್ಲೊವೇನಿಗೆ ಬಂದು ‘ಶೆಂತ್’ ಎಂಬ ರೂಪ ತಳೆಯಿತು. ಶೆಂತ್‌ಯೂರ್, ಶೆಂತ್‌ವಿದ್, ಶೆಂತ್‌ಯೆರ್ನೆಯ್ ಮುಂತಾದ ಊರುಗಳು ಹೀಗೆ ಹುಟ್ಟಿದವು. ಕೆಲವೆಡೆ ಧ್ವನಿವ್ಯತ್ಯಾಸ ಇನ್ನೂ ಮುಂದುವರಿದು ಸಂತನು ಸಂಪೂರ್ಣ ಮರೆಯಾದನು. ಕ್ರಾಸ್ ಪ್ರಸ್ಥಭೂಮಿಯ ಶ್ಟಾನ್ಯೆಲ್ ಎಂಬ ಸುಂದರ ಕಲ್ಲುಹಳ್ಳಿಯ ಹೆಸರಿನೊಳಗೆ ಸಂತ ದಾನಿಯೇಲನಿದ್ದಾನೆ. ಅದರ ಮೊದಲ ಅಕ್ಷರದಲ್ಲಿ ‘ಸಾಂಕ್ಟುಸ್’ ಅಡಗಿದೆ. ಶೆಂತ್‌ವಿದ್ ಒಂದು ಪೋದ್‌ನಾನೋಸ್ ಆದಾಗಲೂ ಶ್ಟಾನ್ಯೆಲ್ ಶ್ಟಾನ್ಯೆಲ್ಲಾಗಿಯೇ ಉಳಿಯಿತು. ಧ್ವನಿನಿಯಮಗಳು ಮರೆಮಾಡಿದ ಸಂತನನ್ನು ಕಾನೂನು ಗುರುತಿಸಲಿಲ್ಲ. ಭಾಷೆಯ ಇತಿಹಾಸವನ್ನು ಅರಿಯದೆ ನಾಮಗಳನ್ನು ಶುದ್ಧೀಕರಿಸಲು ಹೊರಟವರ ಶುದ್ಧೀಕರಣ ಎಂದಿಗೂ ಪೂರ್ಣವಾಗದು, ಏಕೆಂದರೆ ಅಶುದ್ಧವೆಂದು ತಾವು ಬಗೆದದ್ದು ಎಲ್ಲೆಲ್ಲಿ ಇದೆಯೆಂದು ಅವರಿಗೇ ತಿಳಿದಿರುವುದಿಲ್ಲ.

ಯೂರಿ ಎಂಬ ಹೆಸರು ಕೂಡ ಬರಿಯ ಇಗರ್ಜಿಯ ಹೆಸರೆಂದು ತಿಳಿಯುವುದು ಅರೆಜ್ಞಾನ. ಗ್ರೀಕ್ ಭಾಷೆಯ ‘ಗೆಯೋರ್ಗಿಯೋಸ್’ ಅದರ ಮೂಲ. ಭೂಮಿ ಎಂಬರ್ಥದ ‘ಗೇ’ ಮತ್ತು ಕೆಲಸ ಎಂಬರ್ಥದ ‘ಎರ್ಗೋನ್’ ಸೇರಿ ಆದ, ‘ಉಳುವವನು’ ಎಂಬ ಅರ್ಥದ ಶಬ್ದಕ್ಕೆ ಅದು ಸೇರಿದ್ದು. ಸ್ಲೊವೇನರ ಜನಪದ ಪಂಚಾಂಗದಲ್ಲಿ ಏಪ್ರಿಲ್ ಕೊನೆಯ ಭಾಗದ ಯೂರಿಯ ಹಬ್ಬ ವಸಂತದ ಬಾಗಿಲು. ಜಾನುವಾರುಗಳನ್ನು ಮೊದಲ ಬಾರಿಗೆ ಹುಲ್ಲುಗಾವಲಿಗೆ ಅಟ್ಟುವ ದಿನ ಅದು. ಹುಡುಗನೊಬ್ಬನಿಗೆ ಹಸಿರು ಕೊಂಬೆಗಳನ್ನು ಸುತ್ತಿ ‘ಹಸಿರು ಯೂರಿ’ಯನ್ನಾಗಿ ಮಾಡಿ ಮನೆಮನೆಗೆ ಕರೆದೊಯ್ಯುವ ಆಚರಣೆ ಬೇಲಾ ಕ್ರಾಯಿನಾ ಸೀಮೆಯಲ್ಲಿ ಪ್ರಸಿದ್ಧ. ಹೀಗೆ ಈ ಒಂದು ಹೆಸರಿನಲ್ಲಿ ಗ್ರೀಕ್ ಶಬ್ದವೊಂದು, ಕ್ರೈಸ್ತ ಸಂತನೊಬ್ಬ, ರೈತರ ಋತುಚಕ್ರವೊಂದು ಪದರಪದರವಾಗಿ ಕೂಡಿಕೊಂಡಿವೆ. ಒಂದು ಪದರವನ್ನು ಒಲ್ಲೆನೆಂದು ಹೆಸರನ್ನೇ ಕಿತ್ತಾಗ ಉಳಿದವೂ ಜೊತೆಯಲ್ಲಿ ಹೋಗುತ್ತವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಇಪ್ಪತ್ತನೆಯ ಶತಮಾನದ ಸ್ಲೊವೇನ್ ಕಾವ್ಯದ ಅಗ್ರಗಣ್ಯರಲ್ಲೊಬ್ಬನಾದ ಎದ್ವಾರ್ದ್ ಕೋತ್ಸ್‌ಬೆಕ್ 1904ರಲ್ಲಿ ಹುಟ್ಟಿದ್ದು ಈ ಹಳ್ಳಿಯಲ್ಲೇ. ಅವನ ತಂದೆ ಅದೇ ಸಂತ ಯೂರಿಯ ಇಗರ್ಜಿಯಲ್ಲಿ ಆರ್ಗನ್ ವಾದಕನೂ ಪರಿಚಾರಕನೂ ಆಗಿದ್ದನು. 1934ರಲ್ಲಿ ಪ್ರಕಟವಾದ ಅವನ ಮೊದಲ ಕವನಸಂಗ್ರಹದ ಹೆಸರು ‘ಜೆಮ್ಲ್ಯಾ’, ಎಂದರೆ ಭೂಮಿ. ‘ಗೇ’ ಎಂಬ ಗ್ರೀಕ್ ಪದ ಹುಟ್ಟೂರಿನ ಹೆಸರಿನಲ್ಲೂ, ಅದೇ ಅರ್ಥದ ಸ್ಲಾವಿಕ್ ಪದ ಸಂಗ್ರಹದ ಶೀರ್ಷಿಕೆಯಲ್ಲೂ ಇರುವುದು ಸಹೃದಯರಿಗೆ ಹಿತವಾದ ಕಾಕತಾಳೀಯ. ಅದನ್ನು ಆಸ್ವಾದಿಸಬಹುದು, ಪ್ರಮಾಣವೆಂದು ಮಂಡಿಸಬಾರದು.

ಕೋತ್ಸ್‌ಬೆಕ್ ಕ್ರೈಸ್ತ ಸಮಾಜವಾದಿ. 1937ರಲ್ಲಿ ಸ್ಪೇನಿನ ಅಂತರ್ಯುದ್ಧವನ್ನು ಕುರಿತು ‘ದೋಮ್ ಇನ್ ಸ್ವೇತ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಅವನು ಇಗರ್ಜಿಯ ನಿಲುವನ್ನು ಪ್ರಶ್ನಿಸಿದನು. ಸಂಪ್ರದಾಯಸ್ಥ ಕ್ಯಾಥೊಲಿಕರ ಕೋಪಕ್ಕೆ ಗುರಿಯಾದನು. 1941ರಲ್ಲಿ ಜರ್ಮನ್ ಸೇನೆ ಶ್ಟಾಯೆರ್ಸ್ಕಾ ಸೀಮೆಯನ್ನು ಆಕ್ರಮಿಸಿ ಸ್ಲೊವೇನ್ ಭಾಷೆಯನ್ನು ಶಾಲೆ ಕಚೇರಿಗಳಿಂದ ಹೊರದೂಡಿ, ಪಾದ್ರಿಗಳನ್ನೂ ಶಿಕ್ಷಕರನ್ನೂ ಗಡಿಪಾರು ಮಾಡಿದ ಕಾಲದಲ್ಲಿ ಅವನು ವಿಮೋಚನಾ ರಂಗವನ್ನು ಸೇರಿ, ಕಮ್ಯುನಿಸ್ಟರೊಡನೆ ಹೆಗಲುಕೊಟ್ಟು ಹೋರಾಡಿದನು. ಆ ದಿನಗಳ ದಿನಚರಿ ‘ತೊವಾರಿಶಿಯಾ’ 1949ರಲ್ಲಿ ಹೊರಬಂದಿತು. 1951ರಲ್ಲಿ ‘ಸ್ತ್ರಾಹ್ ಇನ್ ಪೊಗೂಮ್’, ಎಂದರೆ ‘ಭಯ ಮತ್ತು ಧೈರ್ಯ’, ಎಂಬ ನಾಲ್ಕು ನೀಳ್ಗತೆಗಳ ಸಂಗ್ರಹ ಪ್ರಕಟವಾಯಿತು. ಯುದ್ಧದೊಳಗಿನ ನೈತಿಕ ಸಂದಿಗ್ಧಗಳನ್ನು ಅದು ಮುಚ್ಚಿಡದೆ ಚಿತ್ರಿಸಿತು. ಪರಿಣಾಮವಾಗಿ ಅವನ ವಿರುದ್ಧ ಪತ್ರಿಕೆಗಳಲ್ಲಿ ದೊಡ್ಡ ದಾಳಿ ನಡೆದು, 1952ರಲ್ಲಿ ಅವನನ್ನು ಸಾರ್ವಜನಿಕ ಜೀವನದಿಂದ ತೆಗೆದುಹಾಕಲಾಯಿತು. ಸುಮಾರು ಒಂದು ದಶಕ ಅವನ ಸ್ವಂತ ಕೃತಿಗಳು ಪ್ರಕಟವಾಗಲಿಲ್ಲ. ಅನುವಾದಗಳನ್ನು ಮಾಡುತ್ತ, ರಹಸ್ಯ ಪೊಲೀಸರ ಕಣ್ಗಾವಲಿನಲ್ಲಿ ಬದುಕಿದನು. 1963ರಲ್ಲಿ ‘ಗ್ರೋಜಾ’ ಎಂಬ ಕವನಸಂಗ್ರಹ ಹೊರಬಂದು, ಮರುವರ್ಷ ಅದಕ್ಕೆ ಪ್ರೆಶೆರೆನ್ ಪ್ರಶಸ್ತಿ ದೊರೆಯಿತು.

ಕವಿಯ ಬಾಯಿಗೆ ಬೀಗ ಬಿದ್ದ ವರ್ಷವೂ ಅವನ ಹುಟ್ಟೂರಿನ ಹೆಸರು ಅಳಿದ ವರ್ಷವೂ ಒಂದೇ ಎಂಬುದನ್ನು ಗಮನಿಸಬೇಕು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧವಿದೆಯೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ನಾಮಾಂತರ ನಡೆದದ್ದು ದೇಶವ್ಯಾಪಿ ಕಾನೂನಿನ ಪ್ರಕಾರ. ಅದೇ ವರ್ಷ ಇನ್ನೂ ಅನೇಕ ಊರುಗಳು ಹೆಸರು ಕಳೆದುಕೊಂಡವು. ಆದರೂ ಎರಡರ ಹಿಂದಿರುವ ಮನೋಧರ್ಮ ಒಂದೇ. ಒಂದು ಅನುಭವಕ್ಕೆ ಒಂದೇ ಅರ್ಥವಿರಬೇಕು, ಅದನ್ನು ನಿರ್ಧರಿಸುವವರು ನಾವೇ ಆಗಿರಬೇಕು ಎಂಬುದೇ ಆ ಮನೋಧರ್ಮ. ಹೋರಾಟಗಾರನಿಗೆ ಭಯವೂ ಇತ್ತೆಂದು ಬರೆದ ಕಥೆಗಾರನನ್ನು ಅದು ಸಹಿಸದು. ರೈತರ ಊರಿಗೆ ಸಂತನ ಹೆಸರೂ ಇರಬಹುದೆಂಬುದನ್ನು ಸಹಿಸದು. 1981ರಲ್ಲಿ ಕೋತ್ಸ್‌ಬೆಕ್ ಲ್ಯೂಬ್ಲ್ಯಾನಾದಲ್ಲಿ ತೀರಿಕೊಂಡಾಗ ಅವನ ಹುಟ್ಟೂರು ಅಧಿಕೃತ ಭೂಪಟದಲ್ಲಿ ಅವನು ಹುಟ್ಟಿದಾಗಿನ ಹೆಸರಿನಲ್ಲಿ ಇರಲಿಲ್ಲ.

ಪ್ರತಿವಾದವನ್ನೂ ನ್ಯಾಯವಾಗಿ ಕೇಳಬೇಕು. ಒಂದೇ ಸಂತನ ಹೆಸರಿನ ಊರುಗಳು ಒಂದು ದೇಶದಲ್ಲಿ ಹತ್ತಾರು ಇದ್ದರೆ ಅಂಚೆಗೆ, ಆಡಳಿತಕ್ಕೆ ಗೊಂದಲವಾಗುತ್ತದೆ ಎಂಬುದು ಒಂದು ವಾದ. ಈ ವಾದದಲ್ಲಿ ಹುರುಳಿದೆ. ಅದಕ್ಕೆ ಪರಿಹಾರವೂ ಮೊದಲೇ ಇತ್ತು. ‘ಓಬ್ ಶ್ಚಾವ್ನಿತ್ಸಿ’, ಎಂದರೆ ‘ಶ್ಚಾವ್ನಿತ್ಸಾ ದಡದ’, ಎಂಬ ಬಾಲ ಹಳೆಯ ಹೆಸರಿನಲ್ಲಿ ಇದ್ದದ್ದು ಅದೇ ಉದ್ದೇಶಕ್ಕೆ. ಹೊಸ ಹೆಸರಿಗೂ ಆ ಬಾಲವನ್ನೇ ಅಂಟಿಸಬೇಕಾಯಿತು, ಏಕೆಂದರೆ ವೀದೆಮ್‌ಗಳೂ ಹಲವಾರು. ಗೊಂದಲ ನಿವಾರಣೆಯೇ ಗುರಿಯಾಗಿದ್ದರೆ ಯೂರಿಯನ್ನು ತೆಗೆದು ವೀದೆಮನ್ನು ಇಟ್ಟದ್ದರಿಂದ ಸಾಧಿಸಿದ್ದು ಏನೂ ಇಲ್ಲ.

ಎರಡನೆಯ ವಾದ ಹೆಚ್ಚು ತೂಕದ್ದು. ಇಗರ್ಜಿಯು ಶತಮಾನಗಳ ಕಾಲ ಭೂಮಿಯನ್ನೂ ಜನರನ್ನೂ ಆಳಿದ ಶಕ್ತಿ. ಊರುಗಳ ಹೆಸರುಗಳು ಆ ಆಳ್ವಿಕೆಯ ಮುದ್ರೆಗಳು. ಹೊಸ ಸಮಾಜಕ್ಕೆ ಹೊಸ ಹೆಸರು ಬೇಕು ಎಂಬುದು ಆ ವಾದ. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಸೇನ್ ದೆನಿ ಪಟ್ಟಣವನ್ನು ಫ್ರಾನ್ಸಿಯಾದ್ ಎಂದು ಕರೆದಾಗಲೂ ಇದೇ ವಾದವಿತ್ತು. ಮುದ್ರೆ ಎಂಬ ಮಾತನ್ನು ಒಪ್ಪೋಣ. ಆದರೆ ಆಳ್ವಿಕೆ ಮುಗಿದ ಮೇಲೆ ಮುದ್ರೆಯು ಆಳುವುದಿಲ್ಲ, ಸಾಕ್ಷಿ ನುಡಿಯುತ್ತದೆ. ಇಗರ್ಜಿಯ ಅಧಿಕಾರ ಎಷ್ಟು ವಿಸ್ತಾರವಾಗಿತ್ತೆಂದು ಮುಂದಿನ ಪೀಳಿಗೆಗೆ ತೋರಿಸುವ ಸಾಕ್ಷ್ಯವೇ ಆ ಹೆಸರುಗಳು. ವಿಮರ್ಶಕನಾದವನು ತನ್ನ ಸಾಕ್ಷಿಯನ್ನು ತಾನೇ ಕೊಲ್ಲಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ದೋಷವನ್ನೂ ಹೇಳದಿದ್ದರೆ ಲೇಖನ ಏಕಪಕ್ಷೀಯವಾಗುತ್ತದೆ. 1991ರಲ್ಲಿ ಸ್ಲೊವೇನಿಯ ಸ್ವತಂತ್ರವಾದ ಮೇಲೆ ಕೆಲವು ಊರುಗಳು ಹಳೆಯ ಹೆಸರನ್ನು ಮರಳಿ ಪಡೆದವು. ಸ್ವೇತಾ ತ್ರೋಯಿತ್ಸಾ 1992ರಲ್ಲಿ ಮರಳಿತು. ಸ್ವೇತಿ ಯೂರಿಯೂ ಆ ದಶಕದಲ್ಲೇ ಮರಳಿತು. ಇದು ಸಂತೋಷದ ವಿಷಯ. ಆದರೆ ಇಂಥ ಮರುಸ್ಥಾಪನೆಯ ಸಂದರ್ಭಗಳಲ್ಲಿ ‘ಮೂಲ ಹೆಸರು’, ‘ನಿಜವಾದ ಹೆಸರು’ ಎಂಬ ಮಾತುಗಳು ಎಲ್ಲ ದೇಶಗಳಲ್ಲೂ ಕೇಳಿಬರುತ್ತವೆ. ಆ ಮಾತುಗಳ ಬಗ್ಗೆ ಎಚ್ಚರ ಬೇಕು. ಸಂತನ ಹೆಸರು ಬಂದದ್ದು ಸಂತನ ಇಗರ್ಜಿ ಬಂದ ಮೇಲೆ. ಅದಕ್ಕೂ ಮೊದಲು ಆ ಕಣಿವೆಯಲ್ಲಿ ವಾಸವಿದ್ದವರು ತಮ್ಮ ನೆಲೆಯನ್ನು ಏನಾದರೂ ಕರೆದೇ ಇರಬೇಕು. ಮೂಲವೆಂದು ನಾವು ಕರೆಯುವುದು ಅನೇಕ ವೇಳೆ ನಮಗೆ ಸಿಕ್ಕಿದ ಹಳೆಯ ಪದರ ಮಾತ್ರ.

ಸೋಚಾ ನದಿಯ ದಡದ ಊರು ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿ ಕಬ್ಬಿಣಯುಗದ ಸಾವಿರಾರು ಸಮಾಧಿಗಳನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತ್ರಿಯೆಸ್ತೆಯ ಕಾರ್ಲೊ ಮಾರ್ಕೆಸೆತ್ತಿ, ವಿಯೆನ್ನಾದ ಯೋಸೆಫ್ ಸೊಂಬಾತಿ ಮೊದಲಾದವರು ಉತ್ಖನನ ಮಾಡಿದರು. ಆ ಸಂಸ್ಕೃತಿಗೆ ಪುರಾತತ್ತ್ವಜ್ಞರು ಅಂದಿನ ಊರಿನ ಹೆಸರನ್ನೇ ಇಟ್ಟು ‘ಸಾಂತಾ ಲೂಚಿಯ ಸಂಸ್ಕೃತಿ’ ಎಂದರು. ಊರು 1955ರಿಂದ ಮೋಸ್ತ್ ನಾ ಸೋಚಿ ಎನಿಸಿ ಇಂದಿಗೂ ಅದೇ ಹೆಸರಿನಲ್ಲಿದೆ. ಕ್ರೈಸ್ತ ಧರ್ಮ ಹುಟ್ಟುವುದಕ್ಕೂ ಶತಮಾನಗಳ ಹಿಂದಿನ ಜನರಿಗೆ ಕ್ರೈಸ್ತ ಸಂತಳ ಹೆಸರು. ಆ ಸಂತಳ ಇಗರ್ಜಿಯಿರುವ ಊರಿಗೆ ಸೇತುವೆಯ ಹೆಸರು. ಸಮಾಧಿಯಲ್ಲಿ ಮಲಗಿದವರು ಆ ಸ್ಥಳವನ್ನು ಏನೆಂದು ಕರೆದರೋ ಅದು ಯಾವ ಗ್ರಂಥದಲ್ಲೂ ಇಲ್ಲ. ಇನ್ನೊಂದು ವಿಚಿತ್ರ: ಅದೇ ನದಿಯ ಕೆಳಹರಿವಿನಲ್ಲಿ, ಗೊರಿತ್ಸಿಯಾ ನಗರದ ಸಮೀಪ, ರೋಮನ್ ಕಾಲದಲ್ಲಿ ‘ಪೋನ್ಸ್ ಸೋಂತಿ’ ಎಂಬ ಮಾರ್ಗನಿಲ್ದಾಣವಿತ್ತು. ಅದರ ಅರ್ಥವೂ ಸೋಚಾ ನದಿಯ ಸೇತುವೆ ಎಂದೇ. ಕಮ್ಯುನಿಸ್ಟ್ ಆಡಳಿತ ಕೊಟ್ಟ ಹೆಸರು, ಬೇರೊಂದು ಸ್ಥಳದಲ್ಲಿ, ರೋಮನ್ನರು ಕೊಟ್ಟ ಹೆಸರಿನ ಮಾದರಿಯನ್ನೇ ಅನುಸರಿಸಿತು. ನದಿ ಮತ್ತು ಸೇತುವೆ ಇದ್ದಲ್ಲಿ ಮನುಷ್ಯರು ಹೀಗೆಯೇ ಹೆಸರಿಡುತ್ತಾರೆ. ಆ ಹೆಸರು ಸುಳ್ಳಲ್ಲ, ಕೆಟ್ಟದ್ದೂ ಅಲ್ಲ. ಊರಿನವರು ಅದನ್ನು ತಮ್ಮದಾಗಿಸಿಕೊಂಡಿದ್ದರೆ ಹೊರಗಿನ ವಿದ್ವಾಂಸರು ಅದನ್ನು ಕಿತ್ತೊಗೆಯಬೇಕೆಂದು ಹೇಳುವ ಹಕ್ಕುಳ್ಳವರಲ್ಲ.

ವೀದೆಮ್‌ಗೂ ಇದೇ ನ್ಯಾಯ ಸಲ್ಲಬೇಕು. ಸುಮಾರು ನಾಲ್ಕು ದಶಕಗಳಿಗೂ ಮೀರಿ ಅದು ಆ ಊರಿನ ಅಧಿಕೃತ ಹೆಸರಾಗಿತ್ತು. ಆ ಅವಧಿಯಲ್ಲಿ ಹುಟ್ಟಿದವರ ಜನನಪತ್ರಗಳಲ್ಲಿ, ಶಾಲೆಯ ದಾಖಲೆಗಳಲ್ಲಿ, ಕಾಗದಗಳ ಮೇಲಿನ ವಿಳಾಸಗಳಲ್ಲಿ ಆ ಹೆಸರಿದೆ. ಬಲವಂತದಿಂದ ಹುಟ್ಟಿದ ಹೆಸರೂ ಕಾಲಾಂತರದಲ್ಲಿ ಚರಿತ್ರೆಯ ಭಾಗವಾಗುತ್ತದೆ. ಸ್ವೇತಿ ಯೂರಿ ಮರಳಿ ಬಂದಿತೆಂದು ವೀದೆಮನ್ನು ಗ್ರಂಥಗಳಿಂದ ಅಳಿಸಿದರೆ 1952ರ ತಪ್ಪನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತಾಗುತ್ತದೆ. ಒಂದು ಊರಿಗೆ ಒಂದೇ ಸತ್ಯವಾದ ಹೆಸರಿರುತ್ತದೆ ಎಂಬ ಕಲ್ಪನೆಯೇ ಎರಡೂ ಪಕ್ಷಗಳ ಸಮಾನ ದೋಷ.

ಹಾಗಾದರೆ ಸಂಶೋಧಕನ ಕರ್ತವ್ಯವೇನು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಬ್ಬ ಲೇಖಕನ ಜನ್ಮಸ್ಥಳವನ್ನು ಬರೆಯುವಾಗ ಅವನು ಹುಟ್ಟಿದ ಕಾಲದಲ್ಲಿ ಊರಿಗಿದ್ದ ಹೆಸರನ್ನು ಮೊದಲು ಬರೆಯಬೇಕು. ಅನಂತರದ ಹೆಸರುಗಳನ್ನೂ ಅವುಗಳ ವರ್ಷಗಳನ್ನೂ ಜೊತೆಯಲ್ಲಿ ಕೊಡಬೇಕು. ಇದು ಪಾಂಡಿತ್ಯದ ಆಡಂಬರವಲ್ಲ. ಕೋತ್ಸ್‌ಬೆಕ್ ಒಂದು ಗ್ರಂಥದಲ್ಲಿ ಸ್ವೇತಿ ಯೂರಿಯಲ್ಲಿ, ಇನ್ನೊಂದರಲ್ಲಿ ವೀದೆಮ್‌ನಲ್ಲಿ, ಮತ್ತೊಂದು ಜರ್ಮನ್ ದಾಖಲೆಯಲ್ಲಿ ಸಾಂಕ್ಟ್ ಗೆಯೋರ್ಗೆನ್‌ನಲ್ಲಿ ಹುಟ್ಟಿದನೆಂದು ಓದಿದ ವಿದ್ಯಾರ್ಥಿ ಇವು ಮೂರು ಊರುಗಳೆಂದು ಭ್ರಮಿಸಬಾರದು. ಒಂದು ಹೆಸರನ್ನು ಮಾತ್ರ ಹಿಡಿದು ಪತ್ರಾಗಾರದಲ್ಲಿ ಹುಡುಕುವವನಿಗೆ ಉಳಿದ ಎರಡು ಹೆಸರುಗಳ ಅಡಿಯಲ್ಲಿರುವ ಕಾಗದಗಳು ಕಣ್ಣಿಗೇ ಬೀಳುವುದಿಲ್ಲ. ಹೆಸರು ಕಳೆದಲ್ಲಿ ದಾಖಲೆಯೂ ಕಳೆಯುತ್ತದೆ.

ನಿರುಕ್ತಿಯ ವಿಷಯದಲ್ಲಿಯೂ ಇದೇ ಶಿಸ್ತು ಬೇಕು. ಸ್ಲೊವೇನರು ಈ ಕ್ಷೇತ್ರದಲ್ಲಿ ಶ್ಲಾಘ್ಯವಾದ ಕೆಲಸ ಮಾಡಿದ್ದಾರೆ. ಫ್ರಾನ್ಸೆ ಬೆಜ್ಲಾಯ್ ಸ್ಲೊವೇನ್ ನದೀನಾಮಗಳನ್ನು ಕುರಿತು ಎರಡು ಸಂಪುಟಗಳನ್ನು ರಚಿಸಿದನು. ಮಾರ್ಕೊ ಸ್ನೋಯ್ ಅವರ ಸ್ಲೊವೇನ್ ಸ್ಥಳನಾಮಗಳ ನಿರುಕ್ತಿಕೋಶ 2009ರಲ್ಲಿ ಹೊರಬಂದಿತು. ಇಪ್ಪತ್ತು ಲಕ್ಷದಷ್ಟು ಮಾತ್ರ ಜನಸಂಖ್ಯೆಯ ನಾಡೊಂದು ತನ್ನ ಊರುಗಳ ಹೆಸರುಗಳನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸಿಕೊಂಡಿದೆ. ಶಂ.ಬಾ. ಜೋಶಿಯವರು ಸ್ಥಳನಾಮಗಳನ್ನು ಇತಿಹಾಸದ ಆಕರವನ್ನಾಗಿ ಬಳಸಿದ ಪರಂಪರೆಯುಳ್ಳ ಕನ್ನಡಿಗರಿಗೆ ಈ ಶ್ರದ್ಧೆಯ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಸಣ್ಣ ಸೂಚನೆ. ಯೂರೋಪಿನ ಸಣ್ಣ ಭಾಷೆಗಳ ಹೆಸರುಗಳು ನಮಗೆ ಬರುವುದು ಇಂಗ್ಲಿಷಿನ ಮೂಲಕ. ಯೂರಿಯನ್ನು ‘ಜೂರಿಜ್’ ಎಂದೋ, ಕೋತ್ಸ್‌ಬೆಕ್‌ನನ್ನು ‘ಕೊಕ್ಬೆಕ್’ ಎಂದೋ ಬರೆದಾಗ ಆ ಹೆಸರಿನ ಧ್ವನಿಚರಿತ್ರೆಯನ್ನೇ ಕೆಡಿಸುತ್ತೇವೆ. ಊರಿನ ಹೆಸರನ್ನು ‘ಸೇಂಟ್ ಜಾರ್ಜ್’ ಎಂದು ಅನುವಾದಿಸಿದರೆ ಶ್ಚಾವ್ನಿತ್ಸಾ ದಡದ ರೈತರ ಯೂರಿ ಮಾಯವಾಗಿ ಇಂಗ್ಲೆಂಡಿನ ಸಂತನೊಬ್ಬ ಎದ್ದು ನಿಲ್ಲುತ್ತಾನೆ. ಅದೂ ಒಂದು ಬಗೆಯ ನಾಮಾಂತರವೇ. ಆಜ್ಞೆಯಿಲ್ಲದೆ, ಅಲಕ್ಷ್ಯದಿಂದ ನಡೆಯುವಂಥದು. ಕನ್ನಡ ಲಿಪಿಗೆ ಆ ಭಾಷೆಯ ಹೆಚ್ಚಿನ ಧ್ವನಿಗಳನ್ನು ಹಿಡಿಯುವ ಸಾಮರ್ಥ್ಯವಿದೆ. ಅದನ್ನು ಬಳಸಿಕೊಳ್ಳುವ ಮನಸ್ಸು ಬೇಕು.

ಸ್ವೇತಿ ಯೂರಿಯ ಪ್ರಸಂಗದಲ್ಲಿ ಹೆಸರನ್ನು ಅಳಿಸಿದವರು ಸೋತದ್ದು ವಿರೋಧಿಗಳಿಂದಲ್ಲ, ತಾವೇ ಆರಿಸಿದ ಪದದ ಅರ್ಥದಿಂದ. ಊರಿನ ಹೆಸರನ್ನು ಮುಟ್ಟುವ ಯಾವ ಆಡಳಿತವಾದರೂ ಮೊದಲು ಭಾಷಾಚರಿತ್ರೆಯನ್ನು ಬಲ್ಲವರನ್ನು ಕೇಳಬೇಕು, ಆಮೇಲೆ ಆ ಊರಿನವರನ್ನು ಕೇಳಬೇಕು, ಕೊನೆಗೆ ಹಳೆಯ ಹೆಸರನ್ನು ದಾಖಲೆಯಲ್ಲಿ ಉಳಿಸಿಯೇ ಹೊಸದನ್ನು ಬರೆಯಬೇಕು. ಇಷ್ಟನ್ನು ಕೇಳುವುದು ಅತಿಯಾದ ಬೇಡಿಕೆಯಲ್ಲ. ಒಂದು ಹಳ್ಳಿಯ ಹೆಸರಿನಲ್ಲಿ ಗ್ರೀಕರ ಉಳುವವನೂ, ಜರ್ಮನರ ವಧುದಕ್ಷಿಣೆಯೂ, ರೈತರ ವಸಂತವೂ, ಒಬ್ಬ ಮೌನಗೊಳಿಸಲ್ಪಟ್ಟ ಕವಿಯ ಬಾಲ್ಯವೂ ಇರುವಾಗ, ಅದನ್ನು ಒಂದು ಗೆರೆಯೆಳೆದು ಹೊಡೆದುಹಾಕುವ ಮುನ್ನ ಲೇಖನಿ ಸ್ವಲ್ಪ ಹೊತ್ತಾದರೂ ತಡೆಯಬೇಕು.